ಮೊಟ್ಟೆಯನ್ನೂ ಮುಟ್ಟದವರಿಗೆ ಕೊಲೆಸ್ಟ್ರಾಲ್ ಯಾಕೆ? ಸೊಪ್ಪು-ಕಾಳಿನ ಊಟದಿಂದ ಹೃದಯ ಕಾಯುವ ಬಗೆ

ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ ನಮ್ಮಲ್ಲಿ ಹಲವರು ಕೇಳುವ ಮೊದಲ ಪ್ರಶ್ನೆ: "ನಾವು ಶುದ್ಧ ಸಸ್ಯಾಹಾರಿಗಳು, ನಮಗೆ ಹೇಗೆ ಕೊಲೆಸ್ಟ್ರಾಲ್ ಬಂತು?" ಮಾಂಸ ಬಿಟ್ಟ ಮಾತ್ರಕ್ಕೆ ತಟ್ಟೆ ಹೃದಯಕ್ಕೆ ಹಿತವಾಗುವುದಿಲ್ಲ. ಬೆಳಿಗ್ಗೆ ತುಪ್ಪದ ದೋಸೆ, ಮಧ್ಯಾಹ್ನ ಗುಡ್ಡೆ ಅನ್ನಕ್ಕೆ ನೀರಿನಂಥ ಸಾರು, ಜೊತೆಗೆ ಹಪ್ಪಳ, ಉಪ್ಪಿನಕಾಯಿ, ಸಂಜೆ ಬೋಂಡಾ, ರಾತ್ರಿ ಮತ್ತೆ ಅನ್ನ. ಇದೂ ಸಸ್ಯಾಹಾರವೇ. ಇದರಲ್ಲಿ ಕಾಳು ಎಷ್ಟಿದೆ, ಸೊಪ್ಪು ಎಷ್ಟಿದೆ ಎಂದು ಹುಡುಕಬೇಕು.

ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್. ಊಟದಲ್ಲಿ ಅದನ್ನು ಹೆಚ್ಚಾಗಿ ಏರಿಸುವುದು ತುಪ್ಪ, ಬೆಣ್ಣೆ, ಕೆನೆ, ತೆಂಗು, ತಾಳೆ ಎಣ್ಣೆಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಏರಿಸುವುದು ಬಿಳಿ ಅನ್ನ, ಮೈದಾ, ಸಕ್ಕರೆ ಮತ್ತು ಮದ್ಯ. ಎರಡಕ್ಕೂ ದಾರಿ ಬೇರೆ, ಮದ್ದೂ ಬೇರೆ. ಹಾಗಾಗಿ ಚೀಟಿ ಓದುವುದರಿಂದಲೇ ಶುರು ಮಾಡೋಣ.

ಮೊದಲು ಅಳತೆ

ರಕ್ತದ ಕೊಬ್ಬುಗಳನ್ನು ಅಳೆಯುವ ಲಿಪಿಡ್ ಪ್ರೊಫೈಲ್, ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಕಿಡ್ನಿಯ ಕ್ರಿಯಾಟಿನಿನ್, ವಿಟಮಿನ್ ಬಿ12. ಈ ನಾಲ್ಕನ್ನು ಶುರುವಿನಲ್ಲೇ ಮಾಡಿಸಿಟ್ಟುಕೊಳ್ಳಿ. ಜೀವನದಲ್ಲಿ ಒಂದು ಸಲ ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಕಣವಾದ ಲಿಪೊಪ್ರೋಟೀನ್ ಎ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು. ಅದು ವಂಶದಿಂದ ಬರುವಂಥದ್ದು, ಊಟದಿಂದ ಇಳಿಯುವುದಿಲ್ಲ. ಆದರೆ ಅದು ಹೆಚ್ಚಿದ್ದರೆ ಉಳಿದೆಲ್ಲವನ್ನೂ ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು ಎಂದು ಗೊತ್ತಾಗುತ್ತದೆ.

ಸೊಂಟದ ಸುತ್ತಳತೆಗೆ ಖರ್ಚಿಲ್ಲ. ಹೊಕ್ಕುಳಿನ ಮಟ್ಟದಲ್ಲಿ ಟೇಪು ಹಿಡಿದು, ಉಸಿರು ಸಹಜವಾಗಿ ಬಿಟ್ಟಾಗ ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ತೂಕ ಸರಿಯಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂತಿದೆ ಎಂದೇ ಅರ್ಥ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎನ್ನುವ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಬಿಪಿ ಮನೆಯಲ್ಲೇ ನೋಡುವುದಾದರೆ ಏಳು ದಿನ, ಬೆಳಿಗ್ಗೆ ಸಂಜೆ ಎರಡೆರಡು ಸಲ ನೋಡಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇಟ್ಟು, ಐದು ನಿಮಿಷ ಮಾತಿಲ್ಲದೆ ಕೂತು, ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿ ಇರುವಂತೆ ಮೇಜಿನ ಮೇಲಿಡಿ. ಕಾಫಿ ಕುಡಿದ ತಕ್ಷಣ, ಮೆಟ್ಟಿಲು ಹತ್ತಿ ಬಂದ ತಕ್ಷಣ ನೋಡಿದರೆ ಅಂಕಿ ಸುಳ್ಳು ಹೇಳುತ್ತದೆ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ವೈದ್ಯರಿಗೆ ತೋರಿಸಿ.

ತೆಂಗು, ತುಪ್ಪ, ಹಾಲು: ಒಂದು ದಿನದ ಲೆಕ್ಕ

ಎಲ್‌ಡಿಎಲ್ ಹೆಚ್ಚಿರುವವರು ದಿನದ ಒಟ್ಟು ಕ್ಯಾಲರಿಯ 7 ಪ್ರತಿಶತದೊಳಗೆ ಸ್ಯಾಚುರೇಟೆಡ್ ಕೊಬ್ಬನ್ನು ನಿಲ್ಲಿಸಬೇಕು. 2000 ಕ್ಯಾಲರಿ ಊಟಕ್ಕೆ ಇದು ಸುಮಾರು 15 ಗ್ರಾಂ. ಈಗ ನಮ್ಮ ಅಡುಗೆಮನೆಗೆ ಬನ್ನಿ.

ನಾಲ್ಕು ಜನರ ಮನೆಯಲ್ಲಿ ಚಟ್ನಿಗೆ, ಹುಳಿಗೆ, ಪಲ್ಯದ ಮೇಲೆ ಉದುರಿಸಲು ಎಂದು ದಿನಕ್ಕೆ ಒಂದು ಹೋಳು ಕಾಯಿ ಹೋಗುವುದು ಮಾಮೂಲು. ಹೋಳಿನ ತುರಿ 110 ಗ್ರಾಂ ಎಂದಿಟ್ಟುಕೊಂಡರೆ ತಲೆಗೆ 27-28 ಗ್ರಾಂ. ಹಸಿ ಕಾಯಿಯ 100 ಗ್ರಾಂನಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು 30 ಗ್ರಾಂ ಇರುವುದರಿಂದ ಅಲ್ಲಿಗೇ 8 ಗ್ರಾಂ ಆಯಿತು. ದೋಸೆಗೂ ಅನ್ನಕ್ಕೂ ಸೇರಿ ಎರಡು ಟೀ ಚಮಚ ತುಪ್ಪ: 5ರಿಂದ 6 ಗ್ರಾಂ. ಕಾಫಿ, ಮೊಸರು ಸೇರಿ ಕಾಲು ಲೀಟರ್ ಹಾಲು, ಅದೂ 4.5 ಪ್ರತಿಶತ ಕೊಬ್ಬಿನದಾದರೆ 7 ಗ್ರಾಂ. ಒಟ್ಟು 20 ದಾಟಿತು. ಒಗ್ಗರಣೆಯ ಎಣ್ಣೆಯನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಇದನ್ನು ಇಳಿಸುವುದು ಕಷ್ಟವಲ್ಲ. ಹಾಲಿನ ಪ್ಯಾಕೆಟ್ಟಿನ ಮೇಲೆ ಕೊಬ್ಬಿನ ಪ್ರಮಾಣ ಅಚ್ಚಾಗಿರುತ್ತದೆ. 3 ಪ್ರತಿಶತದ್ದು ಅಥವಾ ಅದಕ್ಕಿಂತ ಕಡಿಮೆಯದ್ದು ತಂದು, ಕಾಯಿಸಿ ಆರಿದ ಮೇಲೆ ಕೆನೆ ತೆಗೆದುಬಿಡಿ. ತೆಗೆದ ಕೆನೆಯನ್ನು ಕೂಡಿಸಿಟ್ಟು ತುಪ್ಪ ಮಾಡಿ ಮತ್ತೆ ಅದನ್ನೇ ತಿಂದರೆ ಲೆಕ್ಕ ಮೊದಲಿನದೇ! ತುಪ್ಪ ಹಬ್ಬಕ್ಕಿರಲಿ. ಕಾಯಿತುರಿ ತಲೆಗೆ ದಿನಕ್ಕೆ 10 ಗ್ರಾಂ, ಅಂದರೆ ಸುಮಾರು ಎರಡು ದೊಡ್ಡ ಚಮಚ ಮೀರದಿರಲಿ.

ಕಾಯಿ ಕಡಿಮೆ ಮಾಡಿದರೆ ಹುಳಿ ನೀರಾಗುತ್ತದೆ ಎಂಬ ದೂರು ಬರುತ್ತದೆ. ಅರ್ಧ ಕಾಯಿಯ ಜಾಗಕ್ಕೆ ಹುರಿಗಡಲೆ, ಬಿಳಿ ಎಳ್ಳು ಅಥವಾ ಹುರಿದ ಕಡಲೆಕಾಯಿ ಬೀಜ ಹಾಕಿ ರುಬ್ಬಿ. ನಾಲ್ಕು ಜನರ ಹುಳಿಗೆ ಒಂದೂವರೆ ದೊಡ್ಡ ಚಮಚ ಸಾಕು. ಹುರಿಗಡಲೆ ಕುದಿಯುವ ಹುಳಿಗೆ ನೇರವಾಗಿ ಬಿದ್ದರೆ ಗಂಟು ಕಟ್ಟುತ್ತದೆ. ರುಬ್ಬಿದ್ದನ್ನು ತಣ್ಣೀರಿನಲ್ಲಿ ಕದಡಿ, ಉರಿ ಸಣ್ಣ ಮಾಡಿ ಸೇರಿಸಿ, ಒಂದೇ ಕುದಿ ಬಂದ ಕೂಡಲೇ ಇಳಿಸಿ. ಹೆಚ್ಚು ಕುದಿಸಿದರೆ ತಳ ಹಿಡಿಯುತ್ತದೆ.

ಕರಾವಳಿಯವರು ಇಲ್ಲಿ ಮುನಿಸಿಕೊಳ್ಳಬಹುದು. ಹಸಿ ಕಾಯಿಯಲ್ಲಿ ನಾರಿದೆ, ಅದೂ ಎಣ್ಣೆಯೂ ಒಂದೇ ಅಲ್ಲ ಎಂಬುದು ನಿಜ. ಆದರೆ ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ 80ರಿಂದ 90 ಪ್ರತಿಶತ ಸ್ಯಾಚುರೇಟೆಡ್. ಕಡಲೆಕಾಯಿ, ಸೂರ್ಯಕಾಂತಿಯಂಥ ಎಣ್ಣೆಗಳ ಜೊತೆ ಹೋಲಿಸಿ ನಡೆಸಿದ ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ ಅದು ಎಲ್‌ಡಿಎಲ್ ಏರಿಸುತ್ತದೆ ಎಂಬುದೇ ಕಾಣುತ್ತದೆ. ಎಲ್‌ಡಿಎಲ್ ಹೆಚ್ಚಿರುವವರ ಮನೆಯಲ್ಲಿ ಅದು ದಿನನಿತ್ಯದ ಎಣ್ಣೆಯಾಗಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ತಾಳೆ ಎಣ್ಣೆಯಲ್ಲೂ ಸುಮಾರು ಅರ್ಧ ಇದೇ ಕೊಬ್ಬು. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಸೂರ್ಯಕಾಂತಿ, ಅಕ್ಕಿತೌಡಿನ ಎಣ್ಣೆ ಇವುಗಳಲ್ಲಿ ನಿಮಗೆ ರುಚಿಸುವುದನ್ನು ಬಳಸಿ. ಡಬ್ಬಿಯ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಎಂದು ಬರೆದಿದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ.

ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್. ನಾಲ್ಕು ಜನಕ್ಕೆ ಎರಡು ಲೀಟರ್ ತಂದಿಟ್ಟು, ಅದು ಮುಗಿದರೆ ತಿಂಗಳು ಮುಗಿಯುವವರೆಗೆ ಮತ್ತೆ ತರುವುದಿಲ್ಲ ಎಂದು ಕಟ್ಟು ಮಾಡಿಕೊಳ್ಳಿ. ಚಮಚ ಎಣಿಸುವುದಕ್ಕಿಂತ ಇದು ಸುಲಭ. ಅಗಲ ಬಾಣಲೆಯಲ್ಲಿ ಸಾಸಿವೆ ಸಿಡಿಯಬೇಕಾದರೆ ತಳ ತುಂಬ ಎಣ್ಣೆ ಬೇಕಾಗುತ್ತದೆ. ಪುಟ್ಟ ಒಗ್ಗರಣೆ ಸೌಟಿನಲ್ಲಿ ಒಂದು ಟೀ ಚಮಚ ಹಾಕಿ, ಸೌಟನ್ನು ಒಂದು ಕಡೆ ವಾಲಿಸಿ ಹಿಡಿದರೆ ಎಣ್ಣೆ ಮಡುವಾಗಿ ನಿಂತು ಅಷ್ಟರಲ್ಲೇ ಸಾಸಿವೆ ಚಟಪಟ ಎನ್ನುತ್ತದೆ. ಪಲ್ಯ ತಳ ಹಿಡಿಯುವಂತಾದರೆ ಎಣ್ಣೆ ಸುರಿಯದೆ ನೀರು ಚಿಮುಕಿಸಿ ಮುಚ್ಚಿ. ಎಣ್ಣೆಗಾಯಿಯೂ ಒಂದು ದೊಡ್ಡ ಚಮಚದಲ್ಲಿ ಆಗುತ್ತದೆ. ಶೇಂಗಾ-ಎಳ್ಳಿನ ಮಸಾಲೆ ತುಂಬಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿದರೆ ಮಸಾಲೆ ತನ್ನದೇ ಎಣ್ಣೆ ಬಿಡುತ್ತದೆ.

ತಟ್ಟೆ ತಿರುಗಿಸಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲರಿಯ ಊಟಕ್ಕೆ ಹೇಳುವ ಪ್ರಮಾಣದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ. ಧಾನ್ಯ, ಕಾಳು ಎಲ್ಲ ಬೇಯಿಸುವ ಮುಂಚಿನ ತೂಕ. ನಮ್ಮ ಮನೆಗಳಲ್ಲಿ ಧಾನ್ಯ ಇದನ್ನು ಮೀರುತ್ತದೆ, ಕಾಳು ಕಾಲು ಭಾಗಕ್ಕೂ ಮುಟ್ಟುವುದಿಲ್ಲ. ಸಾರಿಗೆ ಹಾಕುವ ತೊಗರಿಬೇಳೆ ತಲೆಗೆ 15-20 ಗ್ರಾಂ ಅಷ್ಟೆ. ಅದನ್ನು ನಂಬಿ "ಬೇಳೆ ತಿನ್ನುತ್ತೇವಲ್ಲ" ಎನ್ನುವುದು ನಮ್ಮನ್ನು ನಾವೇ ಏಮಾರಿಸಿಕೊಂಡಂತೆ.

ಕೊರತೆ ತುಂಬಲು ಹೊಸ ಅಡುಗೆ ಕಲಿಯಬೇಕಿಲ್ಲ. ಬಸ್ಸಾರು, ಮಸ್ಸೊಪ್ಪು, ಹುರುಳಿ ಸಾರು, ಅವರೆಕಾಳಿನ ಹುಳಿ, ಉತ್ತರ ಕರ್ನಾಟಕದ ಮಡಕಿ ಕಾಳಿನ ಪಲ್ಯ, ಹೆಸರುಬೇಳೆ ಕೋಸಂಬರಿ. ಇವನ್ನು ವಾರಕ್ಕೊಮ್ಮೆಯಿಂದ ದಿನಕ್ಕೊಮ್ಮೆಗೆ ತಂದರೆ ಸಾಕು. ನಾಲ್ಕು ಜನರ ಬಸ್ಸಾರಿಗೆ 200 ಗ್ರಾಂ ಕಾಳು, ಅರ್ಧ ಕಿಲೋ ಸೊಪ್ಪು. ತಲೆಗೆ 50 ಗ್ರಾಂ ಕಾಳು ಒಂದೇ ಹೊತ್ತಿನಲ್ಲಿ ಸೇರಿತು. ಜೊತೆಗೆ 80-100 ಗ್ರಾಂ ಹೆಸರುಬೇಳೆಯ ಕೋಸಂಬರಿ ಮಾಡಿ ಹಂಚಿದರೆ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು.

ಹುರುಳಿ ಮೊಳಕೆಗೆ ರಾತ್ರಿ 10-12 ಗಂಟೆ ನೆನೆಸಿ, ನೀರು ಚೆಲ್ಲಿ, ತೊಳೆದು, ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಿ. ಬೇಸಿಗೆಯಲ್ಲಿ ಒಂದು ದಿನಕ್ಕೇ ಮೊಳಕೆ ಬರುತ್ತದೆ. ಲೋಳೆ ಬಂದು ಹುಳಿ ವಾಸನೆ ಹೊಡೆದರೆ ಬಟ್ಟೆ ಬಿಗಿಯಾಯಿತು ಅಥವಾ ತೊಳೆಯುವುದು ತಪ್ಪಿತು ಎಂದರ್ಥ. ಎಂಟು ಗಂಟೆಗೊಮ್ಮೆ ನೀರಾಡಿಸಿ. ಬೇಯಿಸಲು ಕುಕ್ಕರಿನಲ್ಲಿ ನಾಲ್ಕೈದು ಕೂಗು ಬೇಕು. ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು. ಅರೆಬೆಂದ ಕಾಳು ಹೊಟ್ಟೆಯುಬ್ಬರ ಹೆಚ್ಚಿಸುತ್ತದೆ. ಕಾಳಿನ ರೂಢಿ ಇಲ್ಲದವರು ಮೊದಲ ವಾರ ಅರ್ಧ ಬಟ್ಟಲಿನಿಂದ ಶುರು ಮಾಡಿ, ಇಂಗು, ಶುಂಠಿ ಜೊತೆಗಿರಲಿ. ಮೂರನೇ ವಾರಕ್ಕೆ ಹೊಟ್ಟೆ ಒಗ್ಗಿಕೊಳ್ಳುತ್ತದೆ.

ಬಡಿಸುವ ಕ್ರಮವೂ ಮುಖ್ಯ. ಮೊದಲು ಕೋಸಂಬರಿ, ಪಲ್ಯ, ಕಾಳು ತಟ್ಟೆಯ ಮುಕ್ಕಾಲು ತುಂಬಲಿ. ಅನ್ನವೋ ರೊಟ್ಟಿಯೋ ಮುದ್ದೆಯೋ ಉಳಿದ ಕಾಲು ಭಾಗಕ್ಕೆ. ಸಿರಿಧಾನ್ಯ, ಕುಚ್ಚಲಕ್ಕಿ, ಜೋಳದ ರೊಟ್ಟಿ ಎಲ್ಲ ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಮೇಲು, ಆದರೆ ಪ್ರಮಾಣಕ್ಕೆ ರಿಯಾಯಿತಿ ಇಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ. ಹಾಗೆಂದು ಎರಡೆರಡು ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನವನ್ನೂ ಉಂಡರೆ ಟ್ರೈಗ್ಲಿಸರೈಡ್ ಇಳಿಯುವುದಿಲ್ಲ. ಹೊಲದಲ್ಲಿ ದಿನವಿಡೀ ಬಗ್ಗಿ ಎದ್ದವರ ಅಳತೆ ಕುರ್ಚಿಯಲ್ಲಿ ಕೂತವರಿಗೆ ಹೊಂದದು. ನುಣುಪು ರಾಗಿಹಿಟ್ಟಿಗೆ ಬೆಲ್ಲ ಹಾಕಿ ಕುಡಿಯುವ ಮಾಲ್ಟ್ ಮುದ್ದೆಗಿಂತ ಬೇಗ ಸಕ್ಕರೆ ಏರಿಸುತ್ತದೆ. ಈ ವಿಷಯದಲ್ಲಿ ಬೆಲ್ಲವೂ ಸಕ್ಕರೆಯ ಅಣ್ಣತಮ್ಮನೇ.

ಲೋಳೆ ನಾರು ಮತ್ತು ಅಗಸೆ

ಬಾರ್ಲಿ, ಓಟ್ಸ್, ಬೆಂಡೆಕಾಯಿ, ಬದನೆ, ಅವರೆ, ಸೀಬೆಹಣ್ಣುಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತ ಮಾಡಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಎಲ್‌ಡಿಎಲ್ ಇಳಿಯುವುದು ಹೀಗೆ. ಓಟ್ಸ್, ಬಾರ್ಲಿಯ ಬೀಟಾ ಗ್ಲುಕಾನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಬೇಕು. ಅದಕ್ಕೆ ಸುಮಾರು 75 ಗ್ರಾಂ ಓಟ್ಸ್ ತಿನ್ನಬೇಕಾಗುತ್ತದೆ. ಎರಡು ಚಮಚ ಉದುರಿಸಿದರೆ ಏನೂ ಆಗದು. ದಿನಾ ಓಟ್ಸ್ ತಿನ್ನುವುದು ಬೇಜಾರಾದರೆ ನಾಲ್ಕು ಗಂಟೆ ನೆನೆಸಿದ ಬಾರ್ಲಿಯನ್ನು ಬಿಸಿಬೇಳೆಬಾತಿಗೆ ಅರ್ಧ ಅಕ್ಕಿಯ ಬದಲು ಹಾಕಿ. ಮಸಾಲೆ ಓಟ್ಸ್ ಪೊಟ್ಟಣಗಳಲ್ಲಿ ಉಪ್ಪು ಜಾಸ್ತಿ, ಅವು ಬೇಡ. ಇಸಬಗೋಲಿನ ಹೊಟ್ಟು ತೆಗೆದುಕೊಳ್ಳುವವರು ದೊಡ್ಡ ಲೋಟ ನೀರಿನಲ್ಲಿ ಕುಡಿಯಿರಿ, ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ.

ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿಗೆ ಮೀನೇ ಬೇಕು ಎನ್ನುವವರಿಗೆ ಧಾರವಾಡ, ವಿಜಯಪುರದ ಕಡೆಯ ಅಗಸಿ ಹಿಂಡಿ ತೋರಿಸಿ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಸಸ್ಯಮೂಲದ ಒಮೆಗಾ-3 ಸುಮಾರು ಒಂದೂವರೆ ಗ್ರಾಂ ಇರುತ್ತದೆ. ಮೀನಿನದ್ದಕ್ಕೆ ಅದು ಪೂರ್ತಿ ಸಮವಲ್ಲ, ಆದರೂ ದಿನಾ ಬೇಕಾದದ್ದು.

ಅಗಸೆ ಬೀಜ 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 8, ಬೆಳ್ಳುಳ್ಳಿ 10 ಎಸಳು, ಜೀರಿಗೆ ಒಂದು ಟೀ ಚಮಚ, ಗೋಲಿ ಗಾತ್ರದ ಒಣ ಹುಣಸೆ, ಉಪ್ಪು ಒಂದೇ ಟೀ ಚಮಚ. ಅಗಸೆಯನ್ನು ಸಣ್ಣ ಉರಿಯಲ್ಲಿ, ಕೈ ಬಿಡದೆ, ಚಟಚಟ ಸದ್ದು ಜೋರಾಗಿ ಮತ್ತೆ ತಗ್ಗುವವರೆಗೆ ಹುರಿಯಿರಿ. ಸೀದರೆ ಕಹಿ, ಹಸಿ ಉಳಿದರೆ ನಾಲಿಗೆಗೆ ಅಂಟು. ಉಳಿದದ್ದನ್ನು ಬೇರೆಬೇರೆಯಾಗಿ ಹುರಿದು, ಬೆಳ್ಳುಳ್ಳಿಯ ತೇವ ಆರುವಂತೆ ಬಾಡಿಸಿ, ಎಲ್ಲ ತಣ್ಣಗಾದ ಮೇಲೆ ಮಿಕ್ಸಿಯನ್ನು ತಡೆತಡೆದು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಿ, ಕಮಟು ವಾಸನೆ ಬಂದರೆ ಎಸೆಯಿರಿ. ಇಡೀ ಬೀಜ ನುಂಗುವುದು ದಂಡ, ಜೀರ್ಣವಾಗದೆ ಹಾಗೇ ಹೊರಟುಹೋಗುತ್ತದೆ. ಉಪ್ಪಿನಕಾಯಿಯ ಜಾಗಕ್ಕೆ ಈ ಪುಡಿ ಬಂದರೆ ಒಂದೇ ಏಟಿಗೆ ಎರಡು ಕೆಲಸ.

ಇದರ ಜೊತೆ ಒಂದು ಹಿಡಿ, ಅಂದರೆ 30 ಗ್ರಾಂ, ಹುರಿದ ಕಡಲೆಕಾಯಿ ಬೀಜವೋ ಬಾದಾಮಿಯೋ ಇರಲಿ. ಕಡಲೆಕಾಯಿ ಅಗ್ಗ ಎಂದು ಕೀಳಲ್ಲ. ಉಪ್ಪು ಖಾರ ಹಚ್ಚಿ ಕರಿದದ್ದು ಮಾತ್ರ ಬೇಡ.

ಉಪ್ಪು

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ. ನಾಲ್ಕು ಜನಕ್ಕೆ ಒಂದು ಕಿಲೋ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಬ್ರೆಡ್ಡು, ಬಿಸ್ಕತ್ತು, ಹಪ್ಪಳದಲ್ಲಿ ಬರುವುದನ್ನೂ ಸೇರಿಸಿದರೆ 60 ದಿನ. ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೇ ಬರೆದಿಡಿ. ಸೊಪ್ಪು ಬೇಯಿಸುವಾಗ ಒಮ್ಮೆ, ಸಾರು ಕೂಡಿಸುವಾಗ ಇನ್ನೊಮ್ಮೆ ಉಪ್ಪು ಹಾಕುವ ಅಭ್ಯಾಸ ಬಿಡಿ. ಕೊನೆಗೆ ಒಂದೇ ಸಲ ಹಾಕಿ, ನಿಂಬೆಹುಳಿ ಮುಂದೆ ಮಾಡಿ. ಮೊಸರನ್ನಕ್ಕೆ, ಮಜ್ಜಿಗೆಗೆ ಬೇಡವೇ ಬೇಡ. ಎರಡು ಮೂರು ವಾರ ಸಪ್ಪೆ ಎನಿಸುತ್ತದೆ, ಆಮೇಲೆ ಹೋಟೆಲಿನ ಸಾಂಬಾರೇ ಉಪ್ಪುಪ್ಪು ಎನಿಸುತ್ತದೆ.

ಹೊರಗೆ ತಿನ್ನುವಾಗ ಇಡ್ಲಿ ಇರಲಿ, ವಡೆ ಬಿಡಿ. ಬೇಕರಿಯ ಪಫ್ಸು, ಖಾರಾ ಬಿಸ್ಕತ್ತು, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬಜ್ಜಿ ಇವಕ್ಕೆ ಪರ್ಯಾಯ ಹುಡುಕುವ ಬದಲು ದೂರವಿಡುವುದೇ ಲೇಸು. ಕಾಫಿ ಎರಡು ಸಣ್ಣ ಲೋಟ ಸಾಕು. ಕಾಫಿಬೀಜದ ಎಣ್ಣೆಯಂಶ ಎಲ್‌ಡಿಎಲ್ ಸ್ವಲ್ಪ ಏರಿಸುತ್ತದೆ. ಕಾಗದದ ಸೋಸಣಿಗೆ ಅದನ್ನು ತಡೆಯುತ್ತದೆ, ನಮ್ಮ ಹಿತ್ತಾಳೆ, ಸ್ಟೀಲ್ ಫಿಲ್ಟರಿನ ತೂತು ತಡೆಯುವುದಿಲ್ಲ.

ಕಾಲಿಗೆ ಕೆಲಸ

ವಾರಕ್ಕೆ 150 ನಿಮಿಷ ಚುರುಕು ನಡಿಗೆ. ಮಾತಾಡಬಹುದು, ಆದರೆ ಹಾಡಲು ಉಸಿರು ಸಾಲದು, ಅಷ್ಟು ವೇಗ. ಪಾರ್ಕಿನಲ್ಲಿ ಗುಂಪು ಕಟ್ಟಿ ಹರಟುತ್ತ ಸುತ್ತುವುದು ಮನಸ್ಸಿಗೆ ಒಳ್ಳೆಯದು, ಹೃದಯಕ್ಕೆ ಅರೆ ಕೂಲಿ. ಊಟವಾದ ಮೇಲೆ 10-15 ನಿಮಿಷದ ನಿಧಾನ ನಡಿಗೆ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ವಾರಕ್ಕೆ ಎರಡು ದಿನ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತರಂತೆ ಮೂರು ಸುತ್ತು ಮಾಡಿ, ತೊಡೆಯ ಸ್ನಾಯು ಸಕ್ಕರೆ ಸುಡುವ ಒಲೆ. ಸ್ಟೆಂಟ್, ಬೈಪಾಸ್ ಆದವರು, ನಡೆದಾಗ ಎದೆ ಬಿಗಿಯುವವರು ವೈದ್ಯರು ಹೇಳಿದ ಮಿತಿಯಲ್ಲೇ ಶುರು ಮಾಡಬೇಕು.

ಬೀಡಿ, ಸಿಗರೇಟು, ಗುಟ್ಕಾ ಬಿಡದೆ ಮೇಲಿನದೆಲ್ಲ ಮಾಡುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಸೇದುವುದು ನಿಲ್ಲಿಸಿದ ಒಂದು ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಬಿಡಲು ನೆರವಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 1800-112-356 ಇದೆ. ನಿದ್ದೆ ಏಳು ಗಂಟೆ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ಅದನ್ನೂ ತೋರಿಸಿ, ಬಿಪಿ ಹತೋಟಿಗೆ ಬಾರದಿರಲು ಅದೇ ಕಾರಣವಿರಬಹುದು.

ಮಾತ್ರೆ ಮತ್ತು ಊಟ ಜಗಳವಾಡುವ ಕಡೆ

ಅಸಿಟ್ರಾಮ್, ವಾರ್ಫರಿನ್‌ನಂಥ ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಗೇ ಸೊಪ್ಪು ಹೆಚ್ಚಿಸಬಾರದು. ಸೊಪ್ಪಿನ ವಿಟಮಿನ್ ಕೆ ಮಾತ್ರೆಗೆ ಎದುರು ನಿಲ್ಲುತ್ತದೆ. ದಿನಾ ಒಂದೇ ಪ್ರಮಾಣ ತಿಂದು, ಬದಲಾಯಿಸುವ ಮುಂಚೆ ವೈದ್ಯರಿಗೆ ಹೇಳಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್‌ಆರ್ ನೋಡಿಸಿ.

ಕಿಡ್ನಿ ತೊಂದರೆ ಇರುವವರಿಗೆ, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಎಂಬ ಬಿಪಿ, ಹೃದಯದ ಮಾತ್ರೆ ನುಂಗುವವರಿಗೆ "ಲೋ ಸೋಡಿಯಂ" ಉಪ್ಪು ಅಪಾಯ ತರಬಹುದು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ, ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಎಳನೀರು, ಬಾಳೆಹಣ್ಣಿಗೂ ಇವರು ವೈದ್ಯರನ್ನು ಕೇಳಿಯೇ ಕೈಹಾಕಬೇಕು. ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ತೆಗೆದುಕೊಳ್ಳುವವರು ಚಕ್ಕೋತವನ್ನು ದಿನದ ಹಣ್ಣಾಗಿಸಿಕೊಳ್ಳುವ ಮುಂಚೆಯೂ ಕೇಳಿ. ದೇವನಹಳ್ಳಿಯ ಚಕ್ಕೋತ ಎಷ್ಟೇ ಸಿಹಿಯಿದ್ದರೂ ಅದರ ಜಾತಿಯ ಹಣ್ಣುಗಳು ಈ ಮಾತ್ರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಬಲ್ಲವು.

ಹಾಲು, ಮೊಸರನ್ನೂ ಬಿಡುವವರಿಗೆ ಬಿ12 ಮಾತ್ರೆ ಕಡ್ಡಾಯ. ಸೊಪ್ಪು, ಕಾಳು ಯಾವುದರಲ್ಲೂ ಅದು ನಂಬುವಷ್ಟು ಸಿಗದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೊರತೆ ಇನ್ನೂ ಬೇಗ ಬರುತ್ತದೆ. ಪಾದ ಜೋಮು ಹಿಡಿಯುವುದು ಅದರ ಸುಳಿವಾಗಿರಬಹುದು.

ಎಷ್ಟು ಇಳಿದೀತು, ಯಾವಾಗ ನೋಡಬೇಕು

ಎಲ್ಲವನ್ನೂ ಸೋಮವಾರವೇ ಶುರು ಮಾಡಿದವರು ಶುಕ್ರವಾರ ಬಿಟ್ಟಿರುತ್ತಾರೆ. ಮೊದಲೆರಡು ವಾರ ಹಾಲು, ತುಪ್ಪ, ಕಾಯಿ. ಮುಂದಿನೆರಡು ವಾರ ಕಾಳು ಮತ್ತು ತಟ್ಟೆಯ ಪಾಲು. ಆಮೇಲೆ ಬಾರ್ಲಿ, ಅಗಸೆ, ಉಪ್ಪು. ನಡಿಗೆ ಮಾತ್ರ ಮೊದಲ ದಿನದಿಂದ. ಹನ್ನೆರಡನೇ ವಾರಕ್ಕೆ ಅದೇ ಲ್ಯಾಬಿನಲ್ಲಿ, ರಾತ್ರಿ ಊಟದ ನಂತರ 10-12 ಗಂಟೆ ಖಾಲಿ ಹೊಟ್ಟೆಯಲ್ಲಿ ಮತ್ತೆ ರಕ್ತ ಕೊಡಿ.

ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಅವರ ತಂಡ ಬಾದಾಮಿಯಂಥ ಬೀಜಗಳು, ಸೋಯಾ, ಕರಗುವ ನಾರು, ಕೊಲೆಸ್ಟ್ರಾಲ್ ಹೀರುವಿಕೆ ತಡೆಯುವ ಸಸ್ಯ ಸ್ಟೆರಾಲ್ ಸೇರಿಸಿ ಊಟವನ್ನು ತಾವೇ ಒದಗಿಸಿದಾಗ ಎಲ್‌ಡಿಎಲ್ ಸುಮಾರು 30 ಪ್ರತಿಶತ ಇಳಿಯಿತು. ಸಲಹೆ ಮಾತ್ರ ಕೊಟ್ಟು ಅಡುಗೆಯನ್ನು ಜನರಿಗೇ ಬಿಟ್ಟಾಗ ಇಳಿದದ್ದು 13 ಪ್ರತಿಶತದ ಆಸುಪಾಸು. ಸಲಹೆಗೂ ಅಡುಗೆಗೂ ನಡುವಿನ ದೂರ ಅಷ್ಟು! ಅಮೆರಿಕದ ಡೀನ್ ಆರ್ನಿಶ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಕಡಿಮೆ ಕೊಬ್ಬಿನ ಸಸ್ಯಾಹಾರ, ವ್ಯಾಯಾಮ, ಯೋಗ-ಧ್ಯಾನ, ಧೂಮಪಾನ ತ್ಯಾಗ ಎಲ್ಲ ಸೇರಿ ರಕ್ತನಾಳದ ಅಡಚಣೆ ಸ್ವಲ್ಪ ಕಡಿಮೆಯಾಗಿದ್ದು ಕಂಡಿತು. ಆದರೆ ಅದು 50 ಜನರೂ ಇಲ್ಲದ ಚಿಕ್ಕ ಅಧ್ಯಯನ, ಕೀರ್ತಿಯನ್ನೆಲ್ಲ ಊಟಕ್ಕೊಂದಕ್ಕೇ ಕೊಡುವಂತಿಲ್ಲ.

ಹಾಗಾಗಿ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಊಟ ಸುಧಾರಿಸಿತೆಂದು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನಿಲ್ಲಿಸಬಾರದು. ಅವರ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು, ಈಗ 55ಕ್ಕಿಂತ ಕೆಳಗೆ ತನ್ನಿ ಎನ್ನುವ ವೈದ್ಯರೂ ಹಲವರು. 150 ಇದ್ದದ್ದನ್ನು ಬಸ್ಸಾರೊಂದೇ 55ಕ್ಕೆ ತಾರದು. ಚೀಟಿಯಲ್ಲಿ ಎಲ್‌ಡಿಎಲ್ ಇಳಿದು ಟ್ರೈಗ್ಲಿಸರೈಡ್ ಹಾಗೇ ನಿಂತಿದ್ದರೆ ಕೈ ಇಡಬೇಕಾದದ್ದು ಅನ್ನ, ಸಿಹಿ, ಮದ್ಯದ ಮೇಲೆ. ಎರಡೂ ಅಲುಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಮತ್ತೊಂದು ಮಾತು, ಊಟಕ್ಕೆ ಸಂಬಂಧಿಸಿದ್ದೇ. ಎದೆಯ ನಡುವೆ ಬಿಗಿತ, ಎಡತೋಳು, ದವಡೆ, ಬೆನ್ನಿಗೆ ಹರಿಯುವ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಏದುಸಿರು ಹೃದಯಾಘಾತದ ಸೂಚನೆಗಳು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಕೆಲವೊಮ್ಮೆ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ. ಇದನ್ನು "ಗ್ಯಾಸ್ಟ್ರಿಕ್" ಎಂದು ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ರಾತ್ರಿ ಕಳೆಯಬೇಡಿ, ಹೊಸದಾಗಿ ಕಾಳು ಶುರು ಮಾಡಿದವರಂತೂ ಹೊಟ್ಟೆಯುಬ್ಬರ ಎಂದು ತಳ್ಳಿಹಾಕಬೇಡಿ. 108ಕ್ಕೆ ಕರೆ ಮಾಡಿ, ಬೈಕ್ ಓಡಿಸಿಕೊಂಡು ಹೋಗಬೇಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಸೇರಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಂದ ಓದಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ಇವತ್ತೇ ಕೇಳಿ, ಉಪ್ಪಿನ ಪ್ಯಾಕೆಟ್ಟಿನ ತಾರೀಖಿನ ಪಕ್ಕದಲ್ಲೇ ಬರೆದಿಡಿ.